ಹೆತ್ತೆಯ ಕವರು ಕಾಡಿಗೆ ಹೋಯಿತು

ಗೆಳೆಯರೇ, ಇವತ್ತು ಬೆಳಿಗ್ಗೆ ಸರ್ಕಾರ ನನ್ನ ಹೆತ್ತೆಯ ಪ್ಲಾಸ್ಟಿಕ್ ಕವರನ್ನು ಜಪ್ತಿ ಮಾಡಿತು. ಹೆತ್ತೆ ಅಂದರೆ ನಮ್ಮ ನೀಲಗಿರಿಯ ಬಡಗರಲ್ಲಿ ಅಜ್ಜಿ.

ತುಮ್ಮನಟ್ಟಿಯಿಂದ ಊಟಿಗೆ ಹೊರಟಿದ್ದ ನಮ್ಮ ಬಸ್ಸನ್ನು ತಪಾಸಣೆಯವರು ನಿಲ್ಲಿಸಿದರು. ಒಳಗೆ ಬಂದ ಅಧಿಕಾರಿ ಪಕ್ಕದ ಹಟ್ಟಿಯವನೇ. ಹೆತ್ತೆಯನ್ನು ಕಂಡದ್ದೇ ಟೋಪಿ ತೆಗೆದು ತಲೆ ಬಾಗಿಸಿದ. ಹಿರಿಯರು ಎದುರಾದರೆ ನಮ್ಮಲ್ಲಿ ಎಂಥ ಅಧಿಕಾರಿಯೂ ಬಾಗಲೇಬೇಕು. ಹೆತ್ತೆ ಅವನ ನೆತ್ತಿಯ ಮೇಲೆ ಕೈಯಿಟ್ಟು, "ಬದುಕು, ಒಂದು ಸಾವಿರವಾಗಲಿ" ಎಂದು ಹರಸಿದಳು. ತಲೆ ಎತ್ತಿದವನು ಸೀದಾ ಅವಳ ಕವರಿಗೆ ಕೈ ಹಾಕಿದ.

"ಇದು ಬ್ಯಾನ್ ಆಗಿದೆ ಹೆತ್ತೆ. ಇದರಿಂದ ಕಾಡು ಹಾಳಾಗುತ್ತೆ."

"ಐದು ವರ್ಷದಿಂದ ಎನ್ನ ಹತ್ತಿರ ಇದೊಂದೇ ಕವರು ಅಪ್ಪಾ. ತೊಳೆದು, ಒಣಗಿಸಿ, ಮಡಚಿ ಇಡ್ತೀನಿ. ನಾನು ಕಾಡಲ್ಲಿ ಎಲ್ಲಿ ಬಿಸಾಕಿದ್ದೀನಿ, ತೋರಿಸು!"

"ರೂಲ್ಸ್ ಎಲ್ಲರಿಗೂ ಒಂದೇ ಹೆತ್ತೆ."

ಕವರಿನಲ್ಲಿದ್ದ ಬೀನ್ಸನ್ನು ಅವಳ ಮಡಿಲಿಗೆ ಸುರಿದು, ಕೆಳಗಿಳಿದು, ಕವರನ್ನು ರಸ್ತೆ ಬದಿಯ ಜಪ್ತಿ ರಾಶಿಗೆ ಎಸೆದ. ಆ ರಾಶಿಯ ಮೇಲೆ ಒಂದು ಕಲ್ಲನ್ನಾದರೂ ಇಡಬೇಕೆಂದು ಯಾವ ರೂಲ್ಸೂ ಹೇಳಿರಲಿಲ್ಲ. ಗಾಳಿ ಬೀಸಿತು. ಐದು ವರ್ಷ ಹೆತ್ತೆಯ ಕೈ ತಪ್ಪಿ ಹೋಗದ ಕವರು ಇನ್ನೂ ಹತ್ತಾರು ಕವರುಗಳ ಜೊತೆ ಹಾರಿ ಕಾಡಿಗೆ ಹೋಯಿತು.

ಹೆತ್ತೆ ಕಿಟಕಿಯಿಂದ ಕೂಗಿದಳು: "ಏಯ್, ಬಾ ಇಲ್ಲಿ! ಎನ್ನ ಆಶೀರ್ವಾದ ವಾಪಸ್ ಕೊಟ್ಟು ಹೋಗು!"

ಬಂದ. ಕಿಟಕಿಯ ಕೆಳಗೆ ನಿಂತು, ರೂಢಿಯಂತೆ ಮತ್ತೆ ತಲೆ ಬಾಗಿಸಿದ. ಹೆತ್ತೆ ಟಣ್ಣನೆ ಮೊಟಕಿದಳು.

ಸರ್ಕಾರದ ತಲೆ ಕೈಗೆ ಸಿಗುವುದು ಅಪರೂಪ. ಸಿಕ್ಕಾಗ ಮೊಟಕುವುದಕ್ಕೆ ನೀಲಗಿರಿಯಲ್ಲಿ ಇನ್ನೂ ಬ್ಯಾನ್ ಬಂದಿಲ್ಲ.