ಅರಿಶಿನ ಹತ್ತಿದ ಡಿಸ್ಕ್

ಬೀದರಿನಿಂದ ಜಹೀರಾಬಾದಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನನಗೆ ಮೂರು ತಾಸು ಹಿಡಿಯಿತು. ತೆಲಂಗಾಣಕ್ಕಾಗಿ ಬಂದ್ ನಡೆದಿದೆ, ಮುಂದೆ ಹೋಗುವಂತಿಲ್ಲ ಎಂದು ಕಂಡಕ್ಟರ್ ಗಡಿಯಲ್ಲೇ ಎಲ್ಲರನ್ನೂ ಇಳಿಸಿದ. ಉಳಿದ ದೂರವನ್ನು ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹೋದೆ. ಇದೆಲ್ಲ ಟಿಪ್ಪಣಿ ಪುಸ್ತಕದಲ್ಲಿರುವುದು. ನೆನಪನ್ನು ಕೇಳಿದರೆ ಅದು ಟ್ರ್ಯಾಕ್ಟರು, ಬಿಸಿಲು, ಕಾದು ಕೂತದ್ದು ಎಲ್ಲವನ್ನೂ ನುಂಗಿ, ಹೊರಟವನೇ ತಾಂಡೂರಿನ ಕಲ್ಲುಗಣಿಯ ಅಂಚಿನಲ್ಲಿ ನಿಂತೆ ಎಂದು ಹೇಳುತ್ತದೆ. ಹಾಗಾಗಿ ಅದನ್ನು ಕೇಳುತ್ತಿಲ್ಲ.

ಚೀಲದಲ್ಲಿ ಎರಡು ಹೊಸ ಡಿಸ್ಕುಗಳಿದ್ದವು. ಡಿಸ್ಕ್ ಗಾಲ್ಫ್ ಎಂಬ ಆಟದ ಸಾಮಾನು. ಊಟದ ತಾಟಿಗಿಂತ ಚಿಕ್ಕದಾದ ಬಿಲ್ಲೆಯನ್ನು ಎಸೆಯುತ್ತ ಹೋಗಿ, ಸರಪಳಿ ತೂಗುಬಿಟ್ಟ ಬುಟ್ಟಿಗೆ ಆದಷ್ಟು ಕಡಿಮೆ ಎಸೆತದಲ್ಲಿ ಬೀಳಿಸಬೇಕು. ನನ್ನ ಎರಡೂ ಒಂದೇ ಅಚ್ಚಿನವು, ಒಂದೇ ತೂಕದವು. ಪ್ಲಾಸ್ಟಿಕ್ ಮಾತ್ರ ಬೇರೆ. ಒಂದು ದುಬಾರಿ ಜಾತಿ, ಬಳೆಯಂತೆ ಹೊಳೆಯುತ್ತದೆ, ವರ್ಷಗಟ್ಟಲೆ ಎಸೆದರೂ ಆಕಾರ ಬಿಡುವುದಿಲ್ಲ. ಇನ್ನೊಂದು ಅಗ್ಗದ್ದು, ಮಂಕು ಬಿಳಿ, ಕೈಗೆ ಚೆನ್ನಾಗಿ ಹತ್ತುತ್ತದೆ, ಕಲ್ಲಿಗೆ ಬಿದ್ದರೆ ಅಂಚು ಕೆತ್ತಿಹೋಗುತ್ತದೆ. ಎರಡನ್ನೂ ನಾರಾಯಣಖೇಡದ ಶಾಲೆಯ ಆಟದ ಟೀಚರ್ ರೇಣುಕಾಳಿಗೆ ತೋರಿಸಿ, ಬೇಕಾದುದನ್ನು ಕೊಟ್ಟು ಬರುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ಅವಳಿಗೆ ಈ ಆಟ ಹಚ್ಚಿದವನು ನಾನೇ. ದುಬಾರಿಯದನ್ನೇ ತಗೊಳ್ಳೆಂದು ಹೇಳುವುದು ಎಂದು ದಾರಿಯುದ್ದಕ್ಕೂ ತೀರ್ಮಾನಿಸಿದ್ದೆ.

ಜಹೀರಾಬಾದಿನಲ್ಲಿ ಒಂದು ಜೀಪು ಸಿಕ್ಕಿತು. ರಾಯಿಕೋಡ್ ಇನ್ನೂ ಮುಂದಿರುವಾಗ ಅದೂ ನಿಂತಿತು. ರಸ್ತೆಯ ನಡುವೆಯೇ ಮೂರು ಕಲ್ಲಿನ ಒಲೆಗಳು, ದೊಡ್ಡ ಹಂಡೆಗಳು, ಹೊಗೆ. ಊರಿಗೆ ಊರೇ ಡಾಂಬರಿನ ಮೇಲೆ ಅಡುಗೆ ಮಾಡುತ್ತಿತ್ತು. ಅದು ಚಳವಳಿಯ ರೀತಿ: ದಾರಿ ತಡೆಯುವುದು, ಅಲ್ಲಿ ಸಿಕ್ಕಿಬಿದ್ದವರಿಗೆ ಉಣ್ಣಿಸುವುದು. ಬಸ್ಸು ಸುಡುವುದನ್ನು ಪತ್ರಿಕೆಯಲ್ಲಿ ಓದಿದ್ದೆ. ಹೆದ್ದಾರಿಗೆ ಒಗ್ಗರಣೆ ಹಾಕುವುದನ್ನು ಎಲ್ಲಿಯೂ ಓದಿರಲಿಲ್ಲ. ಅಷ್ಟು ಜನ, ಅಷ್ಟು ಸಿಟ್ಟು, ಆದರೂ ಯಾರೂ ಹಸಿದಿರಬಾರದು ಎಂಬ ಅವರ ಹಟ ಕಂಡು ನಾನೂ ಇಳಿದು ಊಟದ ಸಾಲಿನಲ್ಲಿ ಕೂತೆ.

ಎಲೆ ಮುಗಿದಿದ್ದವು. ಬಡಿಸುತ್ತಿದ್ದ ಮುದುಕಿ ನನ್ನ ಚೀಲದ ಬಾಯಿ ನೋಡಿದಳು.

“ತಾಟ ಇಟಗೊಂಡು ಎಲಿಗೆ ಕಾಯ್ತೀರಲ್ರಿ. ತೆಗೀರಿ ಹೊರಗ.”

ಇವು ತಾಟಲ್ಲ, ಎಸೆಯುವವು ಎಂದೆ. ಉಂಡ ಮೇಲೆ ಎಸೀರಿ, ಯಾರು ಬ್ಯಾಡಂದಾರ ಎಂದಳು. ಜೀಪಿನ ಡ್ರೈವರು ದುಬಾರಿಯದನ್ನು ಎತ್ತಿಕೊಂಡ, ನನಗೆ ಅಗ್ಗದ್ದು. ಅಂಗಾತ ಹಿಡಿದ ಡಿಸ್ಕಿನಲ್ಲಿ ಹುಣಸೆ ಹಚ್ಚಿದ ಹಳದಿ ಅನ್ನ ಉಂಡೆವು. ಕೊಳವೆಬಾವಿಯ ನೀರಿನಲ್ಲಿ ತೊಳೆದಾಗ ಡ್ರೈವರನದು ಒಂದೇ ಸಲಕ್ಕೆ ಮೊದಲಿನಂತಾಯಿತು. ನನ್ನದು ಎಷ್ಟು ಉಜ್ಜಿದರೂ ಒಳಮೈಯಲ್ಲಿ ಅರಿಶಿನ ಉಳಿಸಿಕೊಂಡಿತು. ಅಗ್ಗದ ಪ್ಲಾಸ್ಟಿಕ್ಕಿನ ಹಣೆಬರಹ ಎಂದುಕೊಂಡೆ.

ನಾರಾಯಣಖೇಡದಲ್ಲಿ ರೇಣುಕಾ ಹೊಸ ಡಿಸ್ಕುಗಳನ್ನು ಮುಟ್ಟಲೂ ಇಲ್ಲ. ಅವಳ ತಲೆಯಲ್ಲಿದ್ದದ್ದು ಹಳೆಯದೊಂದೇ. ಬರುವ ಭಾನುವಾರ ಹೈದರಾಬಾದಿನಲ್ಲಿ ತಂಡದ ಆಯ್ಕೆ. ಶಾಲೆಯವರು ರಜೆ ಕೊಟ್ಟದ್ದು ಇದೊಂದು ಸಲ, ಮುಂದೆ ಕೇಳಬೇಡ ಎಂದು ಹೇಳಿಯೇ ಕೊಟ್ಟಿದ್ದಾರೆ. ಅಲ್ಲಿ ಒಂದು ಬುಟ್ಟಿ ಬಂಡೆಯ ಹಿಂದಿದೆ. ಡಿಸ್ಕು ಬಲಕ್ಕೆ ಬಾಗಿ ಬಂಡೆಯನ್ನು ಸುತ್ತಬೇಕು. ಬಲಗೈಯಲ್ಲಿ ಎದೆಯಿಂದ ಬೀಸಿ ಎಸೆದ ಹೊಸ ಡಿಸ್ಕು ಕೊನೆಗೆ ಎಡಕ್ಕೇ ವಾಲುತ್ತದೆ. ಅಂಗೈ ಮುಂದೆ ಮಾಡಿ ಎಸೆದರೆ ಬಲಕ್ಕೆ ಹೋದೀತು, ಆದರೆ ಕಬಡ್ಡಿಯಲ್ಲಿ ಕೆಟ್ಟ ಅವಳ ಮೊಣಕೈ ಅದಕ್ಕೆ ಒಪ್ಪುವುದಿಲ್ಲ. ಮೂರು ವರ್ಷ ಕಲ್ಲುಮಣ್ಣಿಗೆ ಬಿದ್ದು ಅಂಚು ಸವೆದ ಆ ಹಳೆಯ ಅಗ್ಗದ ಡಿಸ್ಕು ಮಾತ್ರ, ಸವೆದ ಕಾರಣಕ್ಕೇ, ತಾನಾಗಿ ಬಲಕ್ಕೆ ಬಾಗುತ್ತಿತ್ತು.

ಅದು ಈಗ ತಾಂಡೂರಿನಲ್ಲಿತ್ತು. ಅವಳ ಸೋದರಮಾವ ಕಾಶಪ್ಪ ಹಿಂದಿನ ವಾರ ಬಂದವರು, ಇಂಥ ನಾಯಿ ಕಡಿದ ಸಾಮಾನು ಹಿಡಕೊಂಡು ಪಟ್ಟಣಕ್ಕೆ ಹೋದರೆ ಮನೆತನದ ಮಾನವೇನಾಗಬೇಕು, ರಿಪೇರಿ ಮಾಡಿ ಕೊಡುತ್ತೇನೆ ಎಂದು ಅವಳಿಲ್ಲದಾಗ ಒಯ್ದಿದ್ದರು. ಕಾಶಪ್ಪ ನಲವತ್ತು ವರ್ಷದಿಂದ ನೆಲಹಾಸಿನ ಕಲ್ಲಿಗೆ ಪಾಲಿಶ್ ಮಾಡುವವರು.

ಮರುದಿನ ಎರಡು ಜೀಪು, ಒಂದು ಹಾಲಿನ ಗಾಡಿ ಬದಲಿಸಿ ಹೊರಟೆವು. ಪೆದ್ದೆಮುಲ್ ದಾಟಿದ ಮೇಲೆ ಬೇಲಿ, ಗೋಡೆ, ದನದ ಗೋದಲಿ ಎಲ್ಲವೂ ಕಲ್ಲಿನ ಹಾಸುಗಳೇ. ರೇಣುಕಾ ಏನನ್ನೂ ನೋಡಲಿಲ್ಲ.

ಕಾಶಪ್ಪ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚಿದಾಗ ನಾನು ಬೆರಗಾದೆ. ಒಂದು ಗೀರಿಲ್ಲ, ಒಂದು ಕಚ್ಚಿಲ್ಲ. ನೀರು ಬಿಟ್ಟು, ನುಣುಪಾದ ಕಲ್ಲಿನಿಂದ ಎರಡು ದಿನ ಅಂಚನ್ನು ತೀಡಿದ್ದರು. ಕಾರ್ಖಾನೆಯೂ ಅಷ್ಟು ನಯ ಮಾಡಿರಲಿಲ್ಲ.

ರೇಣುಕಾ ಅದನ್ನು ಎತ್ತಿಕೊಂಡು ಹಳೆಯ ಗಣಿಗೆ ಇಳಿದಳು. ಅಲ್ಲಿ ನೀರು ನಿಂತಿತ್ತು, ಅದರ ದಂಡೆಯಲ್ಲಿ ಒಡೆದ ಕಲ್ಲಿನ ಗುಡ್ಡೆ, ಗುಡ್ಡೆಯ ಹಿಂದೆ ಸೈಕಲ್ ಚೈನು ಕಟ್ಟಿದ ಡಾಂಬರಿನ ಪೀಪಾಯಿ. ರಜೆಯಲ್ಲಿ ಅವಳು ಅಭ್ಯಾಸ ಮಾಡುವ ಜಾಗ. ಎಂದಿನ ಕಡೆ ನಿಂತು ಎಸೆದಳು. ಡಿಸ್ಕು ನೇರ ಹೋಗಬೇಕಾದಷ್ಟು ಹೋಗಲಿಲ್ಲ. ತೀಡಿ ತೀಡಿ ಅಂಚು ಅತಿಯಾಗಿ ಸವೆದಿದ್ದರಿಂದ, ಕೈಬಿಟ್ಟ ಕ್ಷಣವೇ ಬಲಕ್ಕೆ ಮಗುಚಿ, ಗುಡ್ಡೆಯ ಹತ್ತಿರವೂ ಸುಳಿಯದೆ, ನೀರಿಗೆ ಬಿದ್ದು ಮುಳುಗಿತು.

ಕಾಶಪ್ಪ ನೀರಿನ ಅಂಚಿನವರೆಗೂ ಹೋಗಿ ಬಂದರು. ಆಮೇಲೆ ನನ್ನ ಕಡೆ ಕೈ ಚಾಚಿದರು.

“ನಿಮ್ಮವು ತೋರಸ್ರಿ ಸರ.”

ಎರಡನ್ನೂ ಕೊಟ್ಟೆ. ಕಲ್ಲು ಆರಿಸುವಾಗ ಮಾಡುವಂತೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿದರು, ಬಗ್ಗಿಸಿದರು, ಅಂಚಿಗೆ ನಾಲಿಗೆ ತಾಗಿಸಿದರು. ದುಬಾರಿಯದರ ಗುಣವನ್ನು ನಾನು ವಿವರಿಸತೊಡಗಿದೆ: ಸವೆಯುವುದಿಲ್ಲ, ಹತ್ತು ವರ್ಷ ಹೀಗೇ ಇರುತ್ತದೆ. ಅವರು ಅದನ್ನು ನನಗೆ ವಾಪಸು ಕೊಟ್ಟು, ಹಳದಿ ಕಲೆಯ ಅಗ್ಗದ್ದನ್ನು ಉಳಿಸಿಕೊಂಡರು.

“ಅದು ಏನೂ ಕಲಿಯಂಗಿಲ್ರಿ. ಇದು ಒಂದ ಊಟಕ್ಕ ಬಣ್ಣ ಹಿಡದದ. ಇದು ಕಲೀತದ.”

“ನಾಕ ದಿನದಾಗ ಹ್ಯಾಂಗ ಕಲೀತದ ಮಾವ?” ರೇಣುಕಾ ಕೇಳಿದಳು. “ಅದಕ್ಕ ಮೂರು ವರ್ಷ ಹಿಡದಿತ್ತು.”

“ನೆಲಕ್ಕ ಬಿದ್ದು ಕಲ್ತದ್ದು ಅದು. ಇದಕ್ಕ ನಾ ಕಲಸ್ತೀನಿ. ತಪ್ಪು ನಂದದ, ತಂಗಿ.”

ಆ ಮನುಷ್ಯ ಜೀವಮಾನವಿಡೀ ಒರಟನ್ನು ನಯ ಮಾಡಿದವರು. ಅಂದು ಸಂಜೆಯಿಂದ ನಯವನ್ನು ಒರಟು ಮಾಡಲು ಕೂತರು. ಕೂತರು ಎಂದರೆ ತಪ್ಪು, ನಿಂತರು. ಗಣಿಯ ಗೋಡೆಗೆ ಡಿಸ್ಕನ್ನು ಬೀಸಿ ಹೊಡೆಯುವುದು, ಹೋಗಿ ಹೆಕ್ಕುವುದು, ಬೆರಳಿನಿಂದ ಅಂಚು ತಡವುವುದು, ಒಂದಿಷ್ಟು ತಿರುಗಿಸಿ ಮತ್ತೆ ಹೊಡೆಯುವುದು. ಏಟು ಸುತ್ತಲೂ ಸಮನಾಗಿ ಬೀಳಬೇಕಂತೆ. ಬಂದ್ ಬಿಡದ ಕಾರಣ ನಾನೂ ಅಲ್ಲೇ ಉಳಿದೆ. ಎರಡು ದಿನ ಊರಿನಲ್ಲಿ ಯಂತ್ರಗಳು ನಿಂತಿದ್ದವು. ಕೇಳುತ್ತಿದ್ದದ್ದು ಆ ಟಪ್ ಟಪ್ ಒಂದೇ. ಇಪ್ಪತ್ತು ಏಟಿಗೊಮ್ಮೆ ರೇಣುಕಾ ಎಸೆದು ನೋಡುವಳು. ಮೊದಲ ದಿನ ಎಡಕ್ಕೆ. ಎರಡನೆಯ ದಿನ ಮಧ್ಯಾಹ್ನ ನೇರ, ಗುಡ್ಡೆಗೇ ಬಡಿಯಿತು. ಸಂಜೆಯೂ ಅಷ್ಟೇ. ರಾತ್ರಿ ಅವಳು ಮಾವನ ಬೆರಳಿಗೆ ಎಣ್ಣೆ ಹಚ್ಚಿದಳು.

ಮೂರನೆಯ ಬೆಳಗ್ಗೆ ದಾರಿ ತೆರೆಯಿತು. ಬೀದರಿಗೆ ಕಲ್ಲು ಹೇರಿಕೊಂಡು ಹೊರಟ ಲಾರಿಯಲ್ಲಿ ನನಗೆ ಜಾಗ ಸಿಕ್ಕಿತು. ದುಬಾರಿ ಡಿಸ್ಕು ಚೀಲದಲ್ಲಿ ಹೊಸದಾಗಿಯೇ ಇತ್ತು. ಲಾರಿ ಗಣಿಯ ಏರನ್ನು ನಿಧಾನ ಹತ್ತುವಾಗ ಕಿಟಕಿಯಿಂದ ತಿರುಗಿ ನೋಡಿದೆ. ರೇಣುಕಾ ಎಸೆದಳು. ಡಿಸ್ಕು ನೇರ ಹೋಯಿತು, ಗುಡ್ಡೆಯ ಎದುರು ಒಂದು ಗಳಿಗೆ ಯೋಚಿಸಿದಂತೆ ತಡೆಯಿತು, ಆಮೇಲೆ ಅರಿಶಿನದ ಹೊಟ್ಟೆ ಬಿಸಿಲಿಗೆ ತೋರಿಸುತ್ತ ಬಲಕ್ಕೆ ಬಾಗಿ, ಗುಡ್ಡೆಯ ಹಿಂದೆ ಮರೆಯಾಯಿತು. ಸೈಕಲ್ ಚೈನಿನ ಸದ್ದು ಇಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕಂಡದ್ದು ಕಾಶಪ್ಪ ಮಾತ್ರ: ಮತ್ತೊಮ್ಮೆ ಗೋಡೆಗೆ ಹೊಡೆಯಲು ಡಿಸ್ಕು ಕೇಳಿ ಚಾಚಿದ್ದ ಕೈಯನ್ನು ಅವರು ಮೆಲ್ಲಗೆ ಕೆಳಗಿಳಿಸಿದರು.

ನೆನಪು ಇದನ್ನು ತಿದ್ದುವ ಮೊದಲೇ, ಲಾರಿಯಲ್ಲೇ, ಕುಲುಕುವ ಅಕ್ಷರದಲ್ಲಿ ಬರೆದುಕೊಂಡೆ: ಬಾಗುವಾಗ ಗುಡ್ಡೆಗೂ ಡಿಸ್ಕಿಗೂ ನಡುವೆ ಎರಡು ಮಾರು.