ಸೋಮಾರಿ ಪೋನಿ

"ಪಲ್ಲವಿಯನ್ನು ನೋಡಿದೊಡನೆ ಆ ಪೋನಿ ಮೆಚ್ಚಿಕೊಂಡುಬಿಟ್ಟಿತು" ಎಂದು ನಮ್ಮವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಕಂಡಂತೆ, ಅವಳನ್ನು ಕೂರಿಸಿಕೊಂಡು ಕೆಲವೇ ಹೆಜ್ಜೆ ಇಟ್ಟ ಅದು ನಿಂತೇಬಿಟ್ಟಿತು.

ನನ್ನ ತಂಗಿ ಪಲ್ಲವಿಯ ಎಡಗಾಲಿಗೆ ಬಲ ಕಡಿಮೆ. ಕುದುರೆ ಸವಾರಿ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ, ಶುಕ್ರವಾರಗಳ ಮಟ್ಟಿಗೆ ಒಂದು ಪೋನಿಯನ್ನು ಎರವಲು ಕೇಳಲು ನಾವಿರುವ ಕೊಲ್ಲಿ ದೇಶದ ಊರು ರುವೈಸ್‌ನಿಂದ ದೂರದ ಮರಳುಗಾಡಿನ ತೋಟಕ್ಕೆ ಹೋಗಿದ್ದೆವು. ತೋಟದ ಯಜಮಾನ, ಒಬ್ಬ ಅರಬ್ ಅಜ್ಜ, ಮೊದಲು ತೋರಿಸಿದ ಬಿಳಿ ಪೋನಿ ಅವಳನ್ನು ಬೀಳಿಸಿತ್ತು. ಉಳಿದದ್ದು ಈ ಕಂದು ಪೋನಿ ಮಾತ್ರ.

"ಇದು ಸೋಮಾರಿ. ನಿಮಗೆ ಬೇಡ, ಖಲಾಸ್," ಎಂದ ಅಜ್ಜ, ಹರಕು ಹಿಂದಿಯಲ್ಲಿ.

"ಇದಕಿಂತ ಕತ್ತೆ ಛಲೋ. ನಡೀರಿ ಮನೀಗೆ," ಎಂದರು ಅಪ್ಪ.

"ಒಂದ್ ನಿಮಿಷ ತಡೀರಿ ಅಪ್ಪ. ಸೋಮಾರಿ ಅನ್ನಾಕ ಸಾಕ್ಷಿ ಏನೈತಿ?" ಎಂದೆ. ಚರ್ಚಾಸ್ಪರ್ಧೆಯ ಚಾಳಿ, ಬಿಡುವುದಿಲ್ಲ.

ಪಲ್ಲವಿಯ ಎಡಪಾದ ಕಾಲಿಡುವ ರಿಕಾಪಿನಿಂದ ಜಾರಿತ್ತು. ಅದನ್ನು ಮತ್ತೆ ಸೇರಿಸಿದೆ, ಪೋನಿ ನಡೆಯಿತು. ಪಾದ ಜಾರಿತು, ಪೋನಿ ನಿಂತಿತು. ಬೇಕೆಂದೇ ಪಾದ ತೆಗೆಸಿ ನೋಡಿದೆ, ಆಗಲೂ ನಿಂತಿತು.

"ಡ್ಯಾಡಿ, ಶೀ ಈಸ್ ವೇಟಿಂಗ್ ಫಾರ್ ಮೀ!" ಎಂದು ಪಲ್ಲವಿ ಕಿರುಚಿದಳು. ಅಪ್ಪ ನಕ್ಕುಬಿಟ್ಟರು. ಅಜ್ಜ ಮಾತ್ರ ನಗಲಿಲ್ಲ. ಪೋನಿಯ ಕತ್ತು ಸವರಿ, ಹಗ್ಗವನ್ನು ನನ್ನ ಕೈಗಿಟ್ಟು, ಹಿಂದಿರುಗಿ ನೋಡದೆ ಒಳಗೆ ಹೋದ.

ಪಲ್ಲವಿ ಈಗ ಪ್ರತಿ ಶುಕ್ರವಾರ ಬೀಳದೆ ಸವಾರಿ ಮಾಡುತ್ತಾಳೆ. ವಾದ ನಾನೇ ಗೆದ್ದೆ. ಆದರೆ ಹೇಳಿ ಅಜ್ಜ, ನಮಗಿಂತ ಮೊದಲು ಯಾರ ಜಾರುವ ಕಾಲಿಗಾಗಿ ಆ ಪೋನಿ ನಿಲ್ಲುವುದನ್ನು ಕಲಿತಿತ್ತು?