ಗೇಟಿನ ಮುಂದಿನ ಅರವಟ್ಟಿಗೆ

ನಮ್ಮ ಮನೆತನ ಬಿಸಿಲನ್ನು ನಂಬಿ ಬದುಕಿದ್ದು. ಹೀಗೆಂದರೆ ಬೇರೆ ಊರಿನವರು ನಗುತ್ತಾರೆ, ನಾಗಪುರದವರು ನಗುವುದಿಲ್ಲ. ಅಜ್ಜ ಧಾರವಾಡದ ಕಡೆಯಿಂದ ಬಂದು, ಸಾಹೇಬರ ಬಂಗಲೆಗಳ ಬಾಗಿಲುಗಳಿಗೆ, ನೀರು ಚಿಮುಕಿಸಿದರೆ ಗಾಳಿ ತಂಪಾಗುವ ಲಾವಂಚದ ತಟ್ಟಿ ಕಟ್ಟಿಕೊಡುತ್ತಿದ್ದ. ಅಪ್ಪ ಅದೇ ತಟ್ಟಿಯನ್ನು ತಗಡಿನ ಪೆಟ್ಟಿಗೆಗೆ ಕೂಡಿಸಿ, ಒಳಗೊಂದು ಫ್ಯಾನಿಟ್ಟು ಕೂಲರ್ ಮಾಡಿದ. ಅಣ್ಣನೂ ನಾನೂ ಸೇರಿ ಕಾಮಠಿ ರಸ್ತೆಯಲ್ಲಿ ಕಾರ್ಖಾನೆ ಬೆಳೆಸಿದೆವು. ಅಣ್ಣ ಹೋದ ಮೇಲೆ ಅವನ ಮಗ ನಡೆಸುತ್ತಿದ್ದಾನೆ. ಗಿರಣಿ, ಗೋದಾಮುಗಳಿಗೆ ತಂಪು ಗಾಳಿ ಹೊಡೆಯುವ ಆನೆಯಂಥ ಯಂತ್ರಗಳು ಈಗ ನಮ್ಮಲ್ಲಿ ತಯಾರಾಗುತ್ತವೆ. ಬೇಸಿಗೆಯಲ್ಲಿ ಒಂದು ಮೋಡ ಕಂಡರೂ ನಮ್ಮ ಮನೆಯ ಹೆಂಗಸರು ಕೈ ಹಣೆಗೆ ಹಚ್ಚಿ, ಎಲ್ಲಿಂದ ಬಂತಪ್ಪ ಈ ಹಾಳು ಮೋಡ ಅನ್ನುತ್ತಿದ್ದರು.

ಬಿಸಿಲಿನ ಅನ್ನ ಉಂಡವರು ಬಿಸಿಲಿನಲ್ಲಿ ನಡೆಯುವವರಿಗೆ ನೀರು ಕೊಡಬೇಕೆಂದು ಅಜ್ಜ ಒಂದು ಪದ್ಧತಿ ಹಾಕಿದ್ದ. ಯುಗಾದಿಯ ಮರುದಿನ, ಆಗ ಮನೆಯ ಮುಂದೆ, ಈಗ ಕಾರ್ಖಾನೆಯ ಗೇಟಿನ ಹೊರಗೆ, ಅರವಟ್ಟಿಗೆ ಏಳಬೇಕು. ಇಲ್ಲಿನ ಜನ ಅದಕ್ಕೆ ಪಾಣಪೋಯಿ ಅನ್ನುತ್ತಾರೆ. ತಟ್ಟಿಯ ಚಪ್ಪರ, ಮರಳಿನ ಮೇಲೆ ಕೂಡಿಸಿದ ಮಣ್ಣಿನ ಹರವಿಗಳು, ಒಳಗೆ ಲಾವಂಚದ ಬೇರು, ಕೂಡಲಿಕ್ಕೆ ಒಂದು ಬೆಂಚು. ಹೆಸರಿನ ಹಲಗೆ ಇರಕೂಡದು. ಬೆಳಿಗ್ಗೆ ಸಂಜೆ ಆಳು ನಿಲ್ಲಬಹುದು, ಆದರೆ ನಡುಮಧ್ಯಾಹ್ನದ ಸುಡುಹೊತ್ತಿನಲ್ಲಿ ಮಾತ್ರ ಮನೆಯ ಗಂಡಸೇ ನಿಂತು, ಉದ್ದ ಮೂತಿಯ ಹಿತ್ತಾಳೆ ಗಿಂಡಿಯಿಂದ ನೀರು ಹಾಕಬೇಕು. ಬೊಗಸೆಯಲ್ಲಿ ಕುಡಿಯುವವನು ತಲೆ ತಗ್ಗಿಸಿರುತ್ತಾನೆ. ಹಾಕುವವನ ಮುಖ ನೋಡುವುದಿಲ್ಲ. ಸಾಕಾದಾಗ ತಲೆ ಅಲ್ಲಾಡಿಸಿ, ಒದ್ದೆ ಕೈಯನ್ನು ಕುತ್ತಿಗೆಗೆ ಒರೆಸಿಕೊಂಡು ನಡೆದುಬಿಡುತ್ತಾನೆ. ಯಾರೂ ನನ್ನ ಕಡೆ ನೋಡೂದಿಲ್ಲ ಎಂದು ಸಣ್ಣವನಿದ್ದಾಗ ಅಜ್ಜಿಯ ಮುಂದೆ ದೂರಿದ್ದೆ. ‘ಮಾರಿ ನೋಡಿ ಕುಡದ್ರ ಅದು ನೀರಲ್ಲೋ, ಉಪಕಾರ’ ಅಂದಳು ಅಜ್ಜಿ. ನಾನು ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನನ್ನ ಕನ್ನಡವೆಲ್ಲ ಆಕೆಯ ಬಾಯಿಂದ ಹೀಗೆ ಉದುರಿದ್ದು.

ಉಪಕಾರದ ರುಚಿ ಮುಂದೆ ನನಗೆ ಬೇಕಾದಷ್ಟು ತಿಳಿಯಿತು. ಮನೆತನದ ದುಡ್ಡಿನಿಂದ ಶಾಲೆಗಳಾದವು, ದವಾಖಾನೆಗೆ ಬಂದ ಪರ ಊರಿನವರಿಗೆ ಇಳಿದುಕೊಳ್ಳುವ ಮನೆಯಾಯಿತು, ಹುಡುಗಿಯರ ವಸತಿಗೃಹವಾಯಿತು. ಸಮಾರಂಭಗಳಲ್ಲಿ ನನ್ನನ್ನು ನಟ್ಟನಡುವಿನ ದೊಡ್ಡ ಕುರ್ಚಿಯಲ್ಲಿ ಕೂಡಿಸಿ ಶಾಲು ಹೊದಿಸುತ್ತಾರೆ. ಪಕ್ಕದ ಕುರ್ಚಿಗೆ ಬಂದವರು ಕುರ್ಚಿಯ ಅಂಚಿನಲ್ಲೇ ಕೂತು, ಬಾಗಿ, ತಮ್ಮ ಸಂಸ್ಥೆಯ ಕಷ್ಟ ಹೇಳಿ ಏಳುತ್ತಾರೆ. ತಪ್ಪೇನಿಲ್ಲ, ಅವರವರ ಕೆಲಸ ಅವರಿಗೆ. ನನ್ನ ಹೆಂಡತಿ ಇದ್ದಾಗ ಕಪಾಟಿನಲ್ಲಿ ಶಾಲು ಜೋಡಿಸುತ್ತ, ‘ಇಷ್ಟೆಲ್ಲಾ ಹೊಚಗೊಳ್ಳಾಕ ಈ ಊರಾಗ ಚಳಿ ಎಲ್ಲೈತ್ರಿ?’ ಎಂದು ನಗುತ್ತಿದ್ದಳು. ಆಕೆ ಹೋದ ಮೇಲೆ ಶಾಲುಗಳು ಹಾಗೇ ಪೊಟ್ಟಣದಲ್ಲಿ ಉಳಿದವು. ಮನೆಯಲ್ಲಿ ಕನ್ನಡದ ಮಾತೂ ಕಡಿಮೆಯಾಯಿತು. ಅಣ್ಣನ ಸೊಸೆ ಮರಾಠಿಯವಳು, ಒಳ್ಳೆಯವಳು. ಮೊಮ್ಮಕ್ಕಳು ನನಗೆ ತಿಳಿಯದಷ್ಟು ವೇಗವಾಗಿ ಹಿಂದಿ ಆಡುತ್ತವೆ. ಊಟಕ್ಕೆ ಕರೆಯುತ್ತಾರೆ, ಔಷಧಿ ನೆನಪಿಸುತ್ತಾರೆ. ಆಮೇಲೆ ನಾನು ನನ್ನ ಕೋಣೆಗೆ ಬರುತ್ತೇನೆ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಗಿಂಡಿ ತುಂಬಲು ಬಗ್ಗಿದವನು ಮೊಣಕಾಲು ಹಿಡಿದು ‘ಯವ್ವಾ’ ಅಂದೆ. ಬೊಗಸೆಯೊಡ್ಡಿದ್ದ ಒಬ್ಬರು ಮೀಸೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಮುಖವನ್ನು ಎತ್ತಿ, ಕನ್ನಡದವರೇನು ಎಂದು ಕೇಳಿದರು. ಗದಗಿನ ಕಡೆಯವರು, ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮನೀಶ್ ನಗರದಲ್ಲಿ ಮಗಳ ಮನೆ. ಬೆಳಿಗ್ಗೆ ಊರಾಚೆಯ ಕನ್ಹಾನ್‌ಗೆ ಹೋಗಿ ಒಂದು ಖಾಸಗಿ ತರಗತಿಯಲ್ಲಿ ಪಾಠ ಹೇಳಿ, ಮಧ್ಯಾಹ್ನ ವಾಪಸು ಬರುವಾಗ ನಮ್ಮ ಗೇಟಿನ ಎದುರು ಬಸ್ಸು ಬದಲಿಸುತ್ತಿದ್ದರು. ನಾನು ಯಾರೆಂದು ಅವರು ಕೇಳಲಿಲ್ಲ. ಗಿಂಡಿ ಹಿಡಿದವನನ್ನು ನೀರಿನವನೆಂದು ತಿಳಿಯುವುದು ಸಹಜವೇ. ಸೇಠರು ಊಟ ಕೊಡುತ್ತಾರೇನು ಎಂದು ವಿಚಾರಿಸಿದರು. ಕೊಡುತ್ತಾರೆ ಅಂದೆ. ಅದು ನಿಜವೇ ತಾನೆ.

ಅಂದಿನಿಂದ ಎರಡನೆಯ ಬಸ್ಸು ಬರುವವರೆಗೆ ಮಾಸ್ತರರು ಬೆಂಚಿನ ಮೇಲೆ ಕೂಡುವುದು ರೂಢಿಯಾಯಿತು. ಬಹುವಚನ ಹೋಗಿ ಏಕವಚನ ಬಂತು. ನನ್ನ ತಾಯಿ ತೀರಿದ ಮೇಲೆ ನನ್ನನ್ನು ಹಾಗೆ ಬೈದು ಮಾತಾಡಿಸಿದವರು ಅವರೊಬ್ಬರೇ. ಟೋಪಿ ಹಾಕಿಕೊಳ್ಳದೆ ನಿಂತದ್ದಕ್ಕೆ ಬೈಯುವರು, ನೀರು ಚೆಲ್ಲಿದ್ದಕ್ಕೆ ಬೈಯುವರು. ಒಂದು ದಿನ ಮಗಳು ಕಟ್ಟಿಕೊಟ್ಟ ರೊಟ್ಟಿ, ಅಗಸಿ ಚಟ್ನಿಯನ್ನು ನನ್ನ ಕೈಗೆ ಹಾಕಿ ಹೇಳಿದರು:

‘ನಿಮ್ಮ ಸೇಠ ಎಸಿಯಾಗ ಕುಂತು ಪುಣ್ಯಾ ಗಳಸ್ತಾನ. ನೀ ಇಲ್ಲಿ ಬಿಸಲಾಗ ಹಪ್ಪಳ ಆಗಾಕತ್ತಿ.’

‘ಸೇಠ ಹಂಗೇನ ಕೆಟ್ಟಂವ ಅಲ್ಲ’ ಅಂದೆ.

‘ಅವನ ಉಪ್ಪು ತಿಂದ ಬಾಯಿ. ಮತ್ತೇನಂದೀತು.’

ನಾನು ಆ ರೊಟ್ಟಿಯನ್ನು ಪೂರ್ತಿ ತಿಂದೆ. ಅವರಿಗೆ ನನ್ನಿಂದ ಏನೂ ಬೇಕಿರಲಿಲ್ಲ. ನೀರು ಬೇಕಿತ್ತು, ಅದು ದಾರಿಹೋಕರಿಗೆಲ್ಲ ಸಿಗುತ್ತಿತ್ತು. ಸಂಜೆ ಹೇಗೆ ಕಳೆಯುತ್ತೀ ಎಂದು ಒಮ್ಮೆ ಕೇಳಿದರು. ಟಿವಿ ಹಚ್ಚುತ್ತೇನೆ, ಅದು ತನ್ನ ಪಾಡಿಗೆ ಮಾತಾಡುತ್ತಿರುತ್ತದೆ ಅಂದೆ. ಅವರು ಯಾಕೋ ತಮಾಷೆ ಮಾಡಲಿಲ್ಲ. ಭಾನುವಾರ ಅವರಿಗೆ ತರಗತಿ ಇರುತ್ತಿರಲಿಲ್ಲ. ನೀರು ಕುಡಿಯುವ ಜನ ಅಂದೂ ಅಷ್ಟೇ ಬರುತ್ತಿದ್ದರು, ನನಗೆ ಮಾತ್ರ ಗಿಂಡಿ ಭಾರವೆನಿಸುತ್ತಿತ್ತು.

ಅಣ್ಣನ ಮಗ ಆ ವರ್ಷ ಒಂದು ಯೋಜನೆ ತಂದ. ಅರವಟ್ಟಿಗೆಯ ಜಾಗದಲ್ಲಿ ಸ್ಟೀಲಿನ ನಳಗಳಿರುವ ತಣ್ಣೀರಿನ ಯಂತ್ರ, ಮೇಲೆ ಅಜ್ಜನ ಫೋಟೊ, ನನ್ನ ಕೈಯಿಂದ ಉದ್ಘಾಟನೆ. ‘ಕಾಕಾ, ಡಾಕ್ಟರ್ ಏನಂದಾರ ಗೊತ್ತದಲ್ಲ? ಬಿಸಲಾಗ ನಿಂದ್ರೂದು ಬಂದ್. ಮಷೀನು ಬರೋಬರ್ ಕೆಲಸಾ ಮಾಡ್ತದ’ ಅಂದ. ಪ್ರೀತಿಯಿಂದಲೇ ಅಂದ. ಆ ಒಂದು ಹೊತ್ತು ನನಗೆ ಬೇಕು ಎಂದು ಹೇಳಲಿಕ್ಕೆ ನನ್ನ ನಾಲಿಗೆ ಏಳಲಿಲ್ಲ. ಶಾಲೆ ಕಟ್ಟಿಸಿದವನು, ದವಾಖಾನೆಗೆ ಕೊಟ್ಟವನು, ಮನೆಯ ಹುಡುಗನ ಮುಂದೆ ಒಂದು ಬೆಂಚನ್ನು ಏನೆಂದು ಕೇಳಲಿ?

ಮರುದಿನ ಮಾಸ್ತರರಿಗೆ, ಮಷೀನು ಬರುತ್ತದಂತೆ, ಇನ್ನು ನನ್ನ ಕೆಲಸ ಮುಗಿಯಿತು ಎಂದಷ್ಟೇ ಹೇಳಿದೆ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಅಷ್ಟರಲ್ಲಿ ಲಾರಿಯ ಜನ ನೀರಿಗೆ ಬಂದರು. ನಾನು ಗಿಂಡಿ ಎತ್ತಿದೆ.

ಅದರ ಮರುದಿನ ಅವರು ಕನ್ಹಾನ್‌ಗೆ ಹೋಗಲೇ ಇಲ್ಲ. ಬೆಳಿಗ್ಗೆ ನೇರ ಗೇಟಿನೊಳಗೆ ಬಂದು, ಮಾಲಕರನ್ನು ಕಾಣಬೇಕೆಂದು ಕೂತರಂತೆ. ನಾನು ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕೋಣೆಯಲ್ಲಿದ್ದೆ. ನನ್ನ ಕೋಣೆಗೂ ಅಣ್ಣನ ಮಗನ ಕೋಣೆಗೂ ನಡುವಿನ ಬಾಗಿಲು ಯಾವತ್ತೂ ತೆರೆದೇ ಇರುತ್ತದೆ. ಮೊದಲು ಹಿಂದಿಯಲ್ಲಿ ಶುರುಮಾಡಿದ ದನಿ, ಇವನಿಗೆ ಕನ್ನಡ ಬರುತ್ತದೆಂದು ತಿಳಿದ ಮೇಲೆ ಕನ್ನಡಕ್ಕೆ ಇಳಿಯಿತು.

‘ನಿಮ್ಮ ಗೇಟಿನ ಮುಂದ ನೀರು ಹಾಕೋ ಹಿರ್ಯಾ ಅದಾನಲ್ರಿ, ಅವನ್ನ ತೆಗೀಬ್ಯಾಡ್ರಿ. ಮಷೀನ್ ಹಾಕಬ್ಯಾಡ್ರಿ ಅನ್ನೂದಿಲ್ಲ ನಾ. ಅದರ ಬಾಜೂಕ ಒಂದು ಸ್ಟೂಲ್ ಹಾಕಿ ಅವನ್ನೂ ಕುಂದರಸ್ರಿ. ಪಗಾರ ಕಡಿಮಿ ಮಾಡಿದ್ರೂ ನಡೀತೈತಿ. ಅಂವಗ ಯಾರೂ ಇಲ್ರಿ. ಅಲ್ಲಿ ನಿಂತಾಗ ಅಷ್ಟ ಅಂವ ನಾಕು ಮಾತಾಡ್ತಾನ.’

ಆಮೇಲೆ ಅಣ್ಣನ ಮಗನ ದನಿ ಬಂತು.

‘ಸರ್, ಅವರು ನಮ್ಮ ಕಾಕಾ.’

ನಡುಮಧ್ಯಾಹ್ನ ಮನೆಯವರೇ ನೀರು ಹಾಕುವ ಪದ್ಧತಿಯನ್ನು ಅವನು ತಡವರಿಸುತ್ತ ವಿವರಿಸಿದ. ಕುರ್ಚಿ ಹಿಂದೆ ಸರಿದ ಸದ್ದು ಕೇಳಿತು. ನಾನು ಎದ್ದು ಬಾಗಿಲಿನಲ್ಲಿ ನಿಂತೆ. ಮಾಸ್ತರರು ನನ್ನ ಇಸ್ತ್ರಿಯ ಅಂಗಿ ನೋಡಿದರು, ಹಿಂದಿದ್ದ ಮೇಜು ನೋಡಿದರು, ಗೋಡೆಯ ಮೇಲೆ ಶಾಲು ಹೊದ್ದ ನನ್ನ ಫೋಟೊ ನೋಡಿದರು.

‘ತಪ್ಪಾತ್ರಿ ಸಾಹೇಬ್ರ’ ಅಂದರು.

‘ತಪ್ಪೇನೈತೋ ಮಾರಾಯಾ, ಕೂಡು’ ಅಂದೆ.

ಅವರು ಕೂಡಲಿಲ್ಲ. ಅತಿಥಿಗಳಿಗೆಂದು ಇಟ್ಟ ಕಪ್ಪು-ಸಾಸರಿನಲ್ಲಿ ಚಹಾ ಬಂತು. ನಿಂತೇ ಕುಡಿದು, ಕಪ್ಪನ್ನು ಸಪ್ಪಳವಾಗದಂತೆ ಇಟ್ಟು, ಬಸ್ಸಿನ ಹೊತ್ತಾಯಿತೆಂದು ಹೊರಟರು.

ಸಂಜೆ ಮನೆಯಲ್ಲಿ ಅಣ್ಣನ ಮಗ ನನ್ನ ಕೋಣೆಗೆ ಬಂದ. ಟಿವಿ ಆರಿಸಿ ಮಂಚದ ಮೇಲೆ ಕೂತ. ಅವನು ಅಲ್ಲಿ ಕೂತು ವರ್ಷಗಳಾಗಿದ್ದವು.

‘ಕಾಕಾ, ಯಾರೂ ಇಲ್ಲಂತ ಅವರಿಗೆ ನೀವ ಹೇಳಿದ್ರಿ?’

‘ಇಲ್ಲೋ.’

‘ಮತ್ತ ಅವರಿಗೆ ಹೆಂಗ ತಿಳೀತು?’

ಕೇಳಿದ ಮೇಲೆ ಅವನಿಗೇ ಅದು ನಾಟಿರಬೇಕು, ತಲೆ ತಗ್ಗಿಸಿದ. ಊಟಕ್ಕೆ ಕರೆ ಬರುವವರೆಗೂ ಇಬ್ಬರೂ ಕೂತಿದ್ದೆವು. ಮರುವಾರ ಯಂತ್ರವನ್ನು ಕಾರ್ಖಾನೆಯ ಒಳಗೆ, ಕೆಲಸಗಾರರ ಊಟದ ಮನೆಯಲ್ಲಿ ಹಾಕಿಸಿದ. ಅರವಟ್ಟಿಗೆ ಉಳಿಯಿತು, ಗಿಂಡಿ ಉಳಿಯಿತು, ನನ್ನ ಹೊತ್ತೂ ಉಳಿಯಿತು.

ಮಾಸ್ತರರು ಕೆಲವು ದಿನ ಕಾಣಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಿದ್ದಾರೆಂದು ಗೇಟಿನ ಕಾವಲುಗಾರ ಹೇಳಿದ. ಆಮೇಲೊಂದು ಮಧ್ಯಾಹ್ನ, ಬಹುಶಃ ಬಾಯಾರಿಕೆ ತಡೆಯದೆ, ನಮ್ಮಲ್ಲೇ ಇಳಿದರು. ಮೂರ್ನಾಲ್ಕು ಜನರ ಹಿಂದೆ ಸರತಿಯಲ್ಲಿ ನಿಂತರು. ಬೊಗಸೆ ಒಡ್ಡಿದರು, ನಾನು ಹಾಕಿದೆ, ಕುಡಿದರು. ಹಿಂದೆಂದೂ ಮಾಡದ ಹಾಗೆ ಒದ್ದೆ ಕೈಗಳನ್ನು ಜೋಡಿಸಿ ನಮಸ್ಕಾರ ಮಾಡಿದರು. ನಂತರ ಬೆಂಚಿನ ಕಡೆ ತಿರುಗದೆ, ರಸ್ತೆಯಂಚಿನ ಕಂಬದ ಹತ್ತಿರ ಹೋಗಿ ನಿಂತರು. ಅಲ್ಲಿ ಅಂಗೈಯಗಲ ನೆರಳೂ ಇರಲಿಲ್ಲ.

‘ಮಾಸ್ತರ, ಬಿಸಲೈತಿ. ನೆರಳಿಗೆ ಬಾ’ ಎಂದು ಕೂಗಿದೆ.

‘ಇರ್ಲಿ ಬಿಡ್ರಿ’ ಅಂದರು, ‘ಬಸ್ ಬರೂ ಹೊತ್ತಾತು.’

ಅಂದು ಬಸ್ಸು ಬಹಳ ಹೊತ್ತು ಬರಲಿಲ್ಲ. ನಾವಿಬ್ಬರೂ ಕಾದೆವು, ಅವರು ಬಿಸಿಲಿನಲ್ಲಿ, ನಾನು ನೆರಳಿನಲ್ಲಿ.